ಬೇಡವೆಂದ ಲೋಟ

ಗೆಳತಿಯರೇ, ಪಂಚಾಯ್ತಿ ಒದಗಿಸುವ ಸೌಕರ್ಯಗಳು, ಮಾಡುವ ಖರ್ಚು ಜನರಿಗೆ ತೃಪ್ತಿ ತಂದಿವೆಯೇ ಎಂದು ಮನೆಮನೆ ಸಮೀಕ್ಷೆಯಲ್ಲಿ ಕೇಳಲು ಇವತ್ತು ಹೊಸಹಳ್ಳಿಯ ದಲಿತ ಕೇರಿಗೆ ಹೋಗಿದ್ದೆ. ಹನುಮಕ್ಕ ಎಂಬವರು ಲೋಟದಲ್ಲಿ ನೀರು ತಂದರು. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯಲ್ಲಿ ಆಗಷ್ಟೇ ಬರೆದುಕೊಂಡಿದ್ದೆ. “ಬೇಡಕ್ಕ, ನನ್ನ ಹತ್ರ ಬಾಟಲಿ ಇದೆ” ಎಂದೆ.

ಅವರು ಲೋಟ ಹಿಂದಕ್ಕೆ ತೆಗೆಯಲಿಲ್ಲ. “ನಮ್ಮ ಮನಿ ನೀರು ನಿಮಗ ನಡಿಯಂಗಿಲ್ಲೇನ್ರಿ? ಹಂಗಾದ್ರ ನಮ್ಮ ಮಾತು ಯಾಕ ಬೇಕು?”

ನಾನು ಯೋಚಿಸಿದ್ದು ನೀರಿನ ಅಭಾವ. ಅವರಿಗೆ ಕಂಡದ್ದು ಜಾತಿ. ಎಷ್ಟು ವಿವರಿಸಿದರೂ ನೆಪದಂತೆಯೇ ಕೇಳಿಸುತ್ತಿತ್ತು. ಲೋಟ ತೆಗೆದುಕೊಂಡು ಪೂರ್ತಿ ಕುಡಿದೆ.

“ಈಗ ಕೇಳ್ರಿ” ಎಂದು ಎದುರಿಗೆ ಕುಳಿತರು.

ನೀರು ಸಾಲುತ್ತದೆಯೇ ಎಂದೆ.

“ಎಲ್ಲಿ ಸಾಲ್ತೈತ್ರಿ. ಬರ್ಕೋರಿ.”

ಬರೆದುಕೊಂಡೆ. ಸಾಲದ ಆ ನೀರಿನಲ್ಲಿ ಒಂದು ಲೋಟ ಆಗಲೇ ನನ್ನ ಹೊಟ್ಟೆಯಲ್ಲಿತ್ತು.