ಸುಣ್ಣದ ತಿಳಿನೀರು

ಸುಣ್ಣ ಅಂದರೆ ಶಹಾಬಾದಿನಲ್ಲಿ ಯಾರಿಗೂ ಹೆದರಿಕೆಯಿಲ್ಲ. ಎಲೆಗೆ ಹಚ್ಚಿ ತಿನ್ನುತ್ತೇವೆ, ಗೋಡೆಗೆ ಬಳಿಯುತ್ತೇವೆ. ನೆಲ ಅಗೆದರೆ ಸುಣ್ಣದ ಕಲ್ಲು, ನೀರು ಕಾಯಿಸಿದರೆ ಹಂಡೆಯ ತಳದಲ್ಲಿ ಸುಣ್ಣದ ಹಕ್ಕಳೆ. ಇಂಥ ಊರಿನಲ್ಲಿ ಹುಟ್ಟಿದ ನಾನು ಸುಣ್ಣದಿಂದ ಜೀವ ತೆಗೆದೆ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನು.

ನಮ್ಮ ಯಜಮಾನರು ಸಿಮೆಂಟ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದರು. ದಿನವಿಡೀ ಕಲ್ಲಿನ ಪುಡಿ ಪರೀಕ್ಷೆ ಮಾಡಿ ಬಂದವರು ಮನೆಯಲ್ಲೂ ಅದೇ ಕೆಲಸಕ್ಕೆ ಕೂರುತ್ತಿದ್ದರು. ಪಡಸಾಲೆಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ, ಅದರಲ್ಲಿ ಸಮುದ್ರದ ನೀರು. ಎಲ್ಲಿಯ ಸಮುದ್ರ, ಫಿಲ್ಟರ್ ನೀರಿಗೆ ಪಾಕೀಟಿನ ಉಪ್ಪು ಕಲಸಿ ಅವರೇ ಮಾಡಿದ್ದು. ಬೋರ್‌ವೆಲ್ಲಿನ ನೀರನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಒಳಗೆ ಹೈದರಾಬಾದಿನಿಂದ ಡಬ್ಬಿಯಲ್ಲಿಟ್ಟು, ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ ಜೀವಂತ ಹವಳ. ಹೂವಿನಂತೆ ಅರಳುವ ಎರಡೇ ಎರಡು ಹಸಿರು ತಲೆಗಳಿದ್ದದ್ದು ಐದು ವರ್ಷದಲ್ಲಿ ಒಂಬತ್ತಾಗಿತ್ತು. ನನ್ನನ್ನು ಅಷ್ಟು ಜೋಪಾನವಾಗಿ ಅವರು ಎಲ್ಲಿಗೂ ಕರೆದೊಯ್ದಿರಲಿಲ್ಲ. ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ.

ಹವಳ ನೀರಿನಲ್ಲಿರುವ ಸುಣ್ಣವನ್ನೇ ತೆಗೆದುಕೊಂಡು ಎಲುಬು ಕಟ್ಟಿಕೊಳ್ಳುತ್ತದೆ, ಹಾಗಾಗಿ ನೀರಿನ ಸುಣ್ಣ ದಿನಾ ಇಳಿಯುತ್ತದೆ, ದಿನಾ ತುಂಬಿಕೊಡಬೇಕು ಎನ್ನುತ್ತಿದ್ದರು. ಸುಣ್ಣ ಎಷ್ಟಿದೆ ಎಂದು ತಿಳಿಯಲು ಬೆಳಿಗ್ಗೆ ಪುಟ್ಟ ಶೀಶೆಯಲ್ಲಿ ತೊಟ್ಟಿಯ ನೀರು ಹಿಡಿದು, ಪುಡಿ ಹಾಕಿ, ಅದರ ಗುಲಾಬಿ ಬಣ್ಣ ನೀಲಿಗೆ ತಿರುಗುವ ತನಕ ಔಷಧ ಹನಿಸುತ್ತ ಅಲುಗಾಡಿಸುವರು. ಆಮೇಲೆ ಡಬ್ಬಿಯಲ್ಲಿ ಕಲಸಿಟ್ಟ ಸುಣ್ಣದ ಮೇಲಿನ ತಿಳಿನೀರನ್ನಷ್ಟೇ ಬಾಟಲಿಗೆ ಬಸಿದು, ಮೊಳೆಗೆ ತೂಗುಹಾಕಿ, ಸಲಾಯಿನ್ ನಳಿಕೆಯಿಂದ ತೊಟ್ಟಿಗೆ ಒಂದೊಂದೇ ಹನಿ ಬಿಡುವರು. ಸುಣ್ಣ ಕಡಿಮೆಯಾದರೆ ಹವಳ ಸೊರಗುತ್ತದೆ, ಒಮ್ಮೆಲೇ ಹೆಚ್ಚಾದರೆ ಬೆಂದೇ ಹೋಗುತ್ತದೆ ಎಂದು ನನಗೆ ನೂರು ಸಲ ಹೇಳಿದ್ದರು.

ಅವರ ಕಿಡ್ನಿ ಕೈಕೊಟ್ಟಿತು. ಕಲಬುರಗಿಯ ದವಾಖಾನೆಗೆ ಸೇರಿಸಿದೆವು. ಅಲ್ಲಿ ದಿನಾ ಅವರ ರಕ್ತ ತೆಗೆದು, ಯಾವ ಉಪ್ಪು ಏರಿತು, ಯಾವುದು ಇಳಿಯಿತು ಎಂದು ನೋಡುತ್ತಿದ್ದರು. ಮೂರನೆಯ ದಿನ ಯಜಮಾನರು ನನ್ನ ಸೆರಗು ಹಿಡಿದು ಹತ್ತಿರ ಕರೆದರು. ನನ್ನ ಬಗ್ಗೆ ಏನೋ ಹೇಳುತ್ತಾರೆ ಎಂದುಕೊಂಡೆ.

“ನಾ ಬರೋತನಾ ಅದನ್ನ ಉಳಸು,” ಅಂದರು. “ಸಾವಕಾಶ ಬಿಡು. ಗಡಿಬಿಡಿ ಮಾಡಬ್ಯಾಡ.”

ಮೈಯೆಲ್ಲ ಉರಿಯಿತು. ಆದರೂ ನಾಲ್ಕು ದಿನ ಅವರು ಹೇಳಿದಂತೆಯೇ ಮಾಡಿದೆ. ಬೆಳಿಗ್ಗೆ ಹನಿ ಬಿಟ್ಟು ಮುಗಿಸಿ, ರೊಟ್ಟಿ ಕಟ್ಟಿಕೊಂಡು ಕಲಬುರಗಿಯ ಬಸ್ಸು ಹಿಡಿಯುತ್ತಿದ್ದೆ. ಐದನೆಯ ದಿನ ಡಾಕ್ಟರು ಬೇಗ ಬರಲು ಹೇಳಿದ್ದರು. ಹನಿ ನೋಡುತ್ತ ಕೂರಲು ಪುರಸೊತ್ತೆಲ್ಲಿ? ಸುಣ್ಣ ತಾನೇ, ಏನಾಗುತ್ತದೆ ಎಂದು ನಳಿಕೆಯ ಗಾಲಿ ಪೂರ್ತಿ ಸಡಿಲಿಸಿ ಒಲೆಯ ಮುಂದೆ ಕೂತೆ. ರೊಟ್ಟಿ ಮುಗಿಸಿ ಎದ್ದಾಗ ತಿಳಿನೀರು ಖಾಲಿಯಾಗಿತ್ತು. ಡಬ್ಬಿಯ ತಳದಲ್ಲಿ ಬಿಳಿ ಗಸಿ ಉಳಿದಿತ್ತು. ಅದನ್ನು ಯಾಕೆ ಕೆಡಿಸಬೇಕು ಅಂತ ನೀರು ಹಾಕಿ ಕದಡಿ ಅದನ್ನೂ ತೊಟ್ಟಿಗೇ ಸುರಿದೆ. ನಮ್ಮ ಮನೆಗಳಲ್ಲಿ ಸುಣ್ಣವನ್ನು ಚೆಲ್ಲಿ ಗೊತ್ತಿಲ್ಲ.

ಸಂಜೆ ಬಂದು ನೋಡಿದರೆ ತೊಟ್ಟಿಯ ನೀರು ಮಜ್ಜಿಗೆಯಾಗಿತ್ತು. ಕೈ ಹಾಕಿ ಹುಡುಕಿದೆ. ಹಸಿರು ತಲೆಗಳು ಲೋಳೆಯಾಗಿ ಬೆರಳಿಗೆ ಹತ್ತಿಕೊಂಡು ಬಂದವು. ಕೊಡಗಟ್ಟಲೆ ನೀರು ಬದಲಿಸಿದೆ, ತಳದ ಗಸಿಯನ್ನು ಬರಿಗೈಯಿಂದ ಬಾಚಿದೆ. ಒಂಬತ್ತರಲ್ಲಿ ಒಂದೂ ಉಳಿಯಲಿಲ್ಲ. ತೊಟ್ಟಿಯ ನೀರು ತಿರುಗಿಸುವ ಪಂಪು ಮಾತ್ರ ಗುಂಯ್ ಎನ್ನುತ್ತಲೇ ಇತ್ತು. ಆ ಸದ್ದು ಇಂದಿಗೂ ನನಗೆ ಕೇಳಿಸುತ್ತದೆ, ಪಂಪು ಅಟ್ಟ ಸೇರಿ ಎರಡು ವರ್ಷವಾದರೂ. ಕೆಲವು ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಯಾರೋ ಶೀಶೆ ಅಲುಗಾಡಿಸಿದಂತಾಗುತ್ತದೆ. ನಾನು ಎದ್ದು ಹೋಗಿ ನೋಡುವುದಿಲ್ಲ. ಹೆದರಿಕೆ.

ಮರುದಿನ ದವಾಖಾನೆಗೆ ಹೋದಾಗ ಅವರು ಕೇಳಿದ ಮೊದಲ ಮಾತೇ ಹವಳ ಹ್ಯಾಂಗದ ಅಂತ.

“ಭಾಳ ಚೊಲೊ ಅದರಿ,” ಅಂದೆ.

ಒಂದು ಹೊಸ ತಲೆಯೂ ಮೂಡುತ್ತಿದೆ ಎಂದೆ. ಬಾಯಿಗೆ ಬಂದದ್ದು ಹೇಳಿದೆ. ಅವರು ನನ್ನ ಕೈಯನ್ನು ಎತ್ತಿಕೊಂಡರು. ಸುಣ್ಣ ಚರ್ಮ ತಿಂದು ಬೆರಳ ತುದಿಗಳೆಲ್ಲ ಬಿರಿದು ಬೆಳ್ಳಗಾಗಿದ್ದವು. ಮೂವತ್ತು ವರ್ಷ ಸುಣ್ಣವನ್ನೇ ಪರೀಕ್ಷೆ ಮಾಡಿದ ಮನುಷ್ಯ. ಒಂದೊಂದೇ ಬೆರಳನ್ನು ಹೊರಳಿಸಿ ನೋಡಿದರು.

“ಕೈಗೆ ಕೊಬ್ಬರೆಣ್ಣಿ ಹಚ್ಕೋ,” ಅಂದರು.

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಆಮೇಲೆ ಆರು ದಿನ ಬದುಕಿದ್ದರು. ದಿನಾ ಬೆಳಿಗ್ಗೆ ಹೊಸ ತಲೆ ಎಷ್ಟು ದೊಡ್ಡದಾಯಿತು ಎಂದು ನನ್ನನ್ನು ಕೇಳುತ್ತಿದ್ದರು, ನಾನು ಬೆರಳು ಮುಚ್ಚಿಕೊಂಡು ಹೇಳುತ್ತಿದ್ದೆ.