ನಂಬ್ ಆಯ್ತಾ?

ಹಲ್ಲಿನ ಡಾಕ್ಟರ ಪಕ್ಕ ನಿಂತು ಸಲಕರಣೆ ಎತ್ತಿಕೊಡುವ ಹೆಂಗಸನ್ನು ಎಲ್ಲರೂ ನರ್ಸಮ್ಮ ಅನ್ನುತ್ತಾರೆ. ಅವಳು ನರ್ಸ್ ಅಲ್ಲ, ಯಾರು ಕೇಳುತ್ತಾರೆ! ಇಂಜೆಕ್ಷನ್ ಕೊಟ್ಟ ಹತ್ತು ನಿಮಿಷಕ್ಕೆ ರೋಗಿಯ ಕೆನ್ನೆ ಮುಟ್ಟಿ, ಜೋಮು ಹಿಡಿಯಿತೇ ಎಂಬರ್ಥದಲ್ಲಿ “ನಂಬ್ ಆಯ್ತಾ?” ಎಂದು ಕೇಳುವುದು ಹದಿನೈದು ವರ್ಷದಿಂದ ಅವಳ ಕೆಲಸ. ಒಮ್ಮೆ ಒಬ್ಬ ಅಜ್ಜಿ, “ನಂಬ್ದೆ ಇದ್ರೆ ನಿಮ್ ಮುಂದೆ ಬಾಯಿ ತೆಗೀತಿದ್ನೇನಮ್ಮಾ?” ಅಂದುಬಿಟ್ಟಿದ್ದಳು. ಅದನ್ನು ಮನೆಯಲ್ಲಿ ಹೇಳಿದಾಗ ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು.

ಆ ಅಕ್ಕ ತೀರಿಕೊಂಡು ಇಪ್ಪತ್ತು ದಿನ. ತಾಯಿಯಿಲ್ಲದ ತಂಗಿಯನ್ನು ‘ಚುರುಕಿ’ ಎಂದು ಕರೆದು ಸಾಕಿದವಳು. ನರ್ಸಮ್ಮನಿಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಮೂರನೇ ದಿನ ಕೆಲಸಕ್ಕೆ ಹೊರಟಾಗ ಅತ್ತಿಗೆ ಬಾಗಿಲಲ್ಲೇ, “ನಿಂದೇನು ಕಲ್ಲೆದೆನೇನೇ?” ಅಂದಳು. ಅತ್ತಿಗೆಯ ಬಾಯಿಗೆ ಬೀಗವಿಲ್ಲ, ನಿಜ. ಆದರೂ ಹೌದೇನೋ ಅನ್ನಿಸಿತು. ಅಕ್ಕನ ಮೇಲೆ ತನಗೆ ಪ್ರೀತಿಯೇ ಇರಲಿಲ್ಲವೇ? ಅದೊಂದೇ ಭಯ, ಅದೂ ಎಲ್ಲೋ ದೂರದಲ್ಲಿ.

ಇಂದು ಕುರ್ಚಿಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ದವಡೆ ಹಲ್ಲು ಕೀಳಬೇಕು. ಇಂಜೆಕ್ಷನ್ ಕೊಟ್ಟು ಡಾಕ್ಟರು ಫೋನ್ ಹಿಡಿದು ಹೊರಗೆ ಹೋದರು.

“ನಂಬ್ ಆಯ್ತಾ ಸಾರ್?”

“ಆಗ್ತಾ ಇದೆ. ಹಾಗಂದ್ರೇನು ಗೊತ್ತೇನಮ್ಮಾ?” ಹಲ್ಲು ಹೋದರೂ ಪಾಠ ಬಿಡುವ ಆಸಾಮಿಯಲ್ಲ.

“ಜೋಮು.”

“ಅದು ಈಗಿನ ಅರ್ಥ. ಹಳೇ ಇಂಗ್ಲಿಷಲ್ಲಿ ‘ನಿಮನ್’ ಅಂದ್ರೆ ತಗೊಳ್ಳೋದು. ಅದರಿಂದ ನಂಬ್. ತಗೊಂಡು ಹೋಗಿದ್ದು ಅಂತ. ಮೊದಲು ಕೈಕಾಲಿಗೆ ಅಂತಿದ್ರು, ಆಮೇಲೆ ಮನಸ್ಸಿಗೂ ಅಂದ್ರು. ಅದೇ ಬೇರಿಂದ ‘ನಿಂಬಲ್’ ಬಂತು. ಥಟ್ಟನೆ ತಗೊಳ್ಳೋರು, ಚುರುಕು. ಎರಡೂ ಅಕ್ಕತಂಗೀರು.” ಕೊನೆಯ ಮಾತಿಗೆ ಮೇಷ್ಟ್ರ ನಾಲಿಗೆ ತೊದಲಿತು.

ನರ್ಸಮ್ಮನ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. “ಹಾಗಾದ್ರೆ ನಂಬ್ ಅಂದ್ರೆ, ಒಳಗೆ ಏನೂ ಇರ್ಲಿಲ್ಲ ಅಂತೇನಲ್ಲ, ಅಲ್ವಾ ಸಾರ್?”

“ಇತ್ತಮ್ಮಾ. ಇದ್ದಿದ್ದಕ್ಕೇ ತಗೊಂಡ್ರು.”

ಡಾಕ್ಟರು ಬಂದರು, ಹಲ್ಲು ಬಂತು. ದಿನವೂ ಹೇಳುವುದನ್ನು ನರ್ಸಮ್ಮ ಮೇಷ್ಟ್ರಿಗೂ ಹೇಳಿದಳು: “ಎರಡು ಗಂಟೆ ಬಿಟ್ಟು ನೋವು ಬರುತ್ತೆ, ಹೆದರ್ಬೇಡಿ. ಅಲ್ಲೀವರೆಗೂ ತುಟಿ ಕಚ್ಕೋಬೇಡಿ ಸಾರ್, ಕಚ್ಕೊಂಡ್ರೂ ಗೊತ್ತಾಗಲ್ಲ.”

ಆಮೇಲೆ ಒಳಗೆ ಸಿಂಕಿನ ಮುಂದೆ ಇಕ್ಕಳ ತೊಳೆಯತೊಡಗಿದಳು. ಚುರುಕಿ ಎಂದು ಕರೆಯುವವರು ಇನ್ನು ಯಾರೂ ಇಲ್ಲ ಎಂಬುದು ಆಗ ಹೊಳೆಯಿತು. ಬಿಕ್ಕುವುದು ಡಾಕ್ಟರಿಗೆ ಕೇಳಬಾರದೆಂದು ನಲ್ಲಿಯನ್ನು ಜೋರಾಗಿ ತಿರುಗಿಸಿ ತುಟಿ ಕಚ್ಚಿಕೊಂಡಳು.

ನೋವಾಯಿತು.