ಪ್ರೂಫ್ ಮಾಷ್ಟ್ರ ಕಿವಿ

ಮಳೆಗಾಲದಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಬಂದರೆ, ನಮ್ಮ ಪ್ರೂಫ್ ಮಾಷ್ಟ್ರ ಒದ್ದೆ ಹೆಜ್ಜೆಯಲ್ಲಿ ಹಿಮ್ಮಡಿ ಮತ್ತು ಬೆರಳುಗಳಷ್ಟೇ ಮೂಡುತ್ತಿದ್ದವು. ಅಂಗಾಲು ಕಮಾನಿನಂತೆ ಮೇಲೆದ್ದಿತ್ತು. ಅವರ ತಂದೆಯದೂ ಹಾಗೆಯೇ ಇತ್ತಂತೆ. ಕುಡಿದವನ ನಡಿಗೆ ಎಂದು ಊರವರು ನಗುತ್ತಿದ್ದರಂತೆ.

ಎರಡು ಸಾವಿರದ ದಶಕದ ಆರಂಭ. ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿಗೆ ತಾಗಿದ ಕಟ್ಟಡದಲ್ಲಿ ನಮ್ಮ ಕನ್ನಡ ವಾರಪತ್ರಿಕೆಯ ಕಚೇರಿ. ಹೊಸಬನಾದ ನಾನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಅವರು ಕೇಳುತ್ತ ಕರಡಚ್ಚನ್ನು ತಿದ್ದಬೇಕು. ಅಲ್ಪವಿರಾಮವನ್ನೂ ಬಾಯಲ್ಲಿ ಹೇಳುವುದು ಪದ್ಧತಿ. ಲೋಕಲ್ ರೈಲು ಹಾದುಹೋಗುವಾಗ ಅವರು ಕೈಯೆತ್ತಿ, "ನಿಲ್ಲಿ, ಈ ಗಲಾಟೆ ಹೋಗಲಿ" ಎನ್ನುತ್ತಿದ್ದರು. ಕ್ರಮೇಣ ಫ್ಯಾನಿನ ಸದ್ದಿಗೂ ಕೈ ಏಳತೊಡಗಿತು. ತಪ್ಪುಗಳು ಹಾಗೇ ಅಚ್ಚಾದವು. ಮಾಷ್ಟ್ರ ಗಮನ ಎಲ್ಲೋ ಇರುತ್ತದೆ ಎಂದು ಸಂಪಾದಕರಿಗೆ ಹೇಳಿದವನು ನಾನೇ.

ಠಾಣೆ ನಗರದ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಯಾಯಿತು. ಮುಚ್ಚಿದ ಕೋಣೆಯಲ್ಲಿ ಅತಿ ಸಣ್ಣ ಬೀಪನ್ನೂ ಅವರು ಬಿಡಲಿಲ್ಲ.

"ರಿಪೋರ್ಟ್ ನಾರ್ಮಲ್ ಉಂಟಲ್ಲ ಮಾರಾಯ್ರೆ! ಬೀಪ್ ಕೇಳ್ತದೆ, ನಮ್ಮ ಮಾತು ಮಾತ್ರ ಕೇಳುದಿಲ್ವಾ?" ಎಂದು ಸಂಪಾದಕರು ಕುಟುಕಿದರು. ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದರು.

"ಶಬ್ದ ಬರ್ತದೆ. ಮಾತು ಬಿಡಿಸಿ ಬರುದಿಲ್ಲ," ಎಂದರು ಮಾಷ್ಟ್ರು. "ಬೊಬ್ಬೆ ಹೊಡೆದ್ರೆ ಇನ್ನೂ ಕಲಸಿಹೋಗ್ತದೆ."

ನಿಜ ತಿಳಿದದ್ದು ನರರೋಗದ ವೈದ್ಯರಿಂದ. ಅವರು ಮೊದಲು ನೋಡಿದ್ದು ಕಿವಿಯನ್ನಲ್ಲ, ಪಾದವನ್ನು. ವಂಶದಲ್ಲಿ ಬಂದ ಕಾಯಿಲೆ; ಕೈಕಾಲಿನ ನರಗಳ ಜತೆ ಶ್ರವಣದ ನರವೂ ಬಳಲಿತ್ತು. ಕಿವಿ ಹಿಡಿದ ಸದ್ದು ಮಿದುಳಿಗೆ ಹೋಗುವ ದಾರಿಯಲ್ಲೇ ಹಿಂದುಮುಂದಾಗಿ ಚದುರುತ್ತಿತ್ತು. ಮದ್ದಿರಲಿಲ್ಲ.

ಮರುದಿನ ವೈದ್ಯರ ಚೀಟಿಯನ್ನು ಸಂಪಾದಕರ ಮೇಜಿನ ಮೇಲಿಟ್ಟು, ಮಾಷ್ಟ್ರು ಬಂದು ನನ್ನ ಕುರ್ಚಿಯಲ್ಲಿ ಕುಳಿತರು. "ಇನ್ನು ನಾನು ಓದ್ತೇನೆ, ನೀವು ತಿದ್ದಿ. ಬಾಯಿ ಸರಿ ಉಂಟಲ್ಲ!" ಇಪ್ಪತ್ತು ವರ್ಷ ಕೆಂಪು ಪೆನ್ನು ಹಿಡಿದವರು ಹೊಸಬರ ಕೆಲಸಕ್ಕೆ ಇಳಿದರು. ಸಂಪಾದಕರು ಚೀಟಿ ಓದಿ, ಆ ದಿನದ ಹಸ್ತಪ್ರತಿಯನ್ನು ಅವರ ಮುಂದಿಟ್ಟರು. ಕೆಲಸ ಉಳಿಯಿತು.

ಮುಂದಿನ ಹತ್ತು ವರ್ಷ, ತೀರಿಕೊಂಡ ವಾರದವರೆಗೂ, ಅವರು ಓದಿದರು. ನನಗೆ ಸಂದೇಹ ಬಂದರೆ ಬರೆದು ತೋರಿಸುತ್ತಿದ್ದೆ. ಕಾಗುಣಿತವನ್ನೂ, ವಾಕ್ಯವನ್ನೆಲ್ಲಿ ನಿಲ್ಲಿಸಬೇಕೆಂಬುದನ್ನೂ ನಾನು ಕಲಿತದ್ದು ಆ ಓದಿನಿಂದ.

ಕೊನೆಯ ವರ್ಷ, ಅಂದು ಸಂಪಾದಕರ ಬಳಿ ದೂರಿದವನು ನಾನೇ ಎಂದು ಒಂದು ಹಾಳೆ ತುಂಬ ಬರೆದು ಅವರ ಮುಂದಿಟ್ಟೆ. ಎರಡು ಸಾಲು ನೋಡಿ ಹಾಳೆಯನ್ನು ನನ್ನತ್ತ ಸರಿಸಿದರು.

"ಇಷ್ಟುದ್ದ ಎಂತಕ್ಕೆ? ನಂಗೆ ಅವತ್ತೇ ಗೊತ್ತಿತ್ತು," ಎಂದು ಮುಂದಿನ ಪುಟ ಓದತೊಡಗಿದರು.